ಹೆಸರಿಲ್ಲದ ತಾಯಿಯ ಜಾಡು

1583ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಬಂದಿಳಿದ ಡಚ್ ಯುವಕನಿಗೆ ಇಪ್ಪತ್ತು ವರ್ಷ. ಹೆಸರು ಯಾನ್ ಹೌಖೆನ್ ಫಾನ್ ಲಿನ್ಸ್‌ಖೋಟೆನ್. ಸಿಕ್ಕಿದ ಕೆಲಸ ಅಲ್ಲಿನ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಗಿರಿ. ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದು ಅವನ ಹುಚ್ಚು. ಪೋರ್ಚುಗೀಸರು ಗುಟ್ಟಾಗಿ ಕಾಪಾಡಿಕೊಂಡಿದ್ದ ಸಮುದ್ರಮಾರ್ಗಗಳ ವಿವರಗಳನ್ನೂ ಅವನು ಬಿಡಲಿಲ್ಲ. ಊರಿಗೆ ಮರಳಿ 1596ರಲ್ಲಿ ಅವನು ತನ್ನ ಪುಸ್ತಕವನ್ನು ಅಚ್ಚು ಹಾಕಿಸಿದ. ಅವನು ಕೊಟ್ಟ ವಿವರಗಳನ್ನು ಹಿಡಿದೇ ಡಚ್ಚರ ಹಡಗುಗಳು ಪೂರ್ವದ ಕಡೆ ಹೊರಟವು. ಆ ಪುಸ್ತಕದಲ್ಲಿ ಗೋವಾದ ಪೇಟೆಯ ಚಿತ್ರವೂ ಇತ್ತು. ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದ ಕರಿಯ ಜನರನ್ನು ಅಲ್ಲಿ ಜಾನುವಾರುಗಳ ಹಾಗೆ ಹರಾಜು ಹಾಕುತ್ತಿದ್ದರು. ಹೆಣ್ಣಾಳುಗಳು ಯಜಮಾನನ ಮನೆಯಲ್ಲಿ ಹಣ್ಣಿನ ಸಿಹಿತಿನಿಸು ಮಾಡುತ್ತಿದ್ದರು, ನಯವಾದ ಹೊಲಿಗೆ ಹಾಕುತ್ತಿದ್ದರು, ಅದನ್ನು ಬೀದಿಯಲ್ಲಿ ಮಾರಿ ಬಂದ ದುಡ್ಡನ್ನು ಯಜಮಾನನಿಗೆ ಒಪ್ಪಿಸುತ್ತಿದ್ದರು. ಇಷ್ಟೆಲ್ಲ ಬರೆದ ಲಿನ್ಸ್‌ಖೋಟೆನ್ ಅವರಲ್ಲಿ ಒಬ್ಬಳ ಹೆಸರನ್ನೂ ಬರೆಯಲಿಲ್ಲ.

ಸಮುದ್ರ ದಾಟಿ ಹೊಸ ನೆಲದಲ್ಲಿ ಬದುಕು ಕಟ್ಟಿಕೊಂಡ ಡಚ್ ಹೆಂಗಸೊಬ್ಬಳು ಸತ್ತರೆ ಚರ್ಚಿನ ದಫ್ತರದಲ್ಲಿ ಅವಳ ಹೆಸರಿರುತ್ತದೆ, ಹುಟ್ಟೂರು ಇರುತ್ತದೆ, ಹೆತ್ತ ಮಕ್ಕಳ ಲೆಕ್ಕ ಇರುತ್ತದೆ. ಗೋವಾಕ್ಕೆ ಬಂದಿಳಿದ ಆಫ್ರಿಕಾದ ಹೆಂಗಸು ತನ್ನ ಇಷ್ಟದಿಂದ ಹಡಗು ಹತ್ತಿದವಳಲ್ಲ. ಅವಳಿಗೆ ಮಕ್ಕಳಾದವು, ಮೊಮ್ಮಕ್ಕಳಾದರು, ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಕಾಡುಗಳಲ್ಲಿ ಅವಳ ವಂಶ ಬೆಳೆಯಿತು. ಇಂದು ಸಿದ್ದಿಗಳು ಎನಿಸಿಕೊಂಡವರು ಆ ವಂಶದವರೇ. ಅವಳು ಯಾರು, ಎಲ್ಲಿಯವಳು ಎಂಬುದನ್ನು ಮಾತ್ರ ಯಾವ ದಫ್ತರವೂ ಹೇಳಲಿಲ್ಲ. ಅದನ್ನು ಪತ್ತೆಹಚ್ಚಲು ಹೊರಟವರು ದಶಕಗಳ ಕಾಲ ಬೇರೆ ಬೇರೆ ದಿಕ್ಕಿನಿಂದ ಹುಡುಕಬೇಕಾಯಿತು.

ಮೊದಲು ಬಂದವರು ಸಮಾಜಶಾಸ್ತ್ರದವರು. ಧಾರವಾಡದ ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ನಡುವೆ ಅಧ್ಯಯನ ಮಾಡಿ 1976ರಲ್ಲಿ ಅವರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಆ ಜನರ ಬದುಕು ಅವರಿಗೆ ಒಗಟಾಗಿಯೇ ಎದುರಾಯಿತು. ಮುಖದಲ್ಲಿ, ಗುಂಗುರು ಕೂದಲಿನಲ್ಲಿ ಆಫ್ರಿಕಾ ಎದ್ದು ಕಾಣುತ್ತಿತ್ತು. ಹಲವರ ಮನೆಯೊಳಗಿನ ಮಾತು ಕೊಂಕಣಿ, ಹೊರಗೆ ಕನ್ನಡ. ಹಳಿಯಾಳದ ಕಡೆ ಕ್ರೈಸ್ತ ಸಿದ್ದಿಗಳು, ಹಳಿಯಾಳ ಮುಂಡಗೋಡಗಳಲ್ಲಿ ಮುಸ್ಲಿಂ ಸಿದ್ದಿಗಳು, ಯಲ್ಲಾಪುರ ಅಂಕೋಲೆಗಳಲ್ಲಿ ಹಿಂದೂ ಸಿದ್ದಿಗಳು. ಆಫ್ರಿಕಾದ ಒಂದು ಊರಿನ ಹೆಸರಾಗಲಿ, ಅಲ್ಲಿನ ಭಾಷೆಯಾಗಲಿ ಅವರ ನೆನಪಿನಲ್ಲಿ ಉಳಿದಿರಲಿಲ್ಲ. ಎಲ್ಲಿಂದ ಬಂದವರು ಎಂದು ಕೇಳಿದರೆ ಹಿರಿಯರ ನೆನಪು ಗೋವಾದವರೆಗೆ ಹೋಗಿ ನಿಂತುಬಿಡುತ್ತಿತ್ತು.

ನೆನಪು ನಿಂತ ಕಡೆ ಊಹೆಗಳು ಶುರುವಾದವು. ಗೋವಾದ ಯಜಮಾನರ ಹಿಂಸೆ ತಾಳಲಾರದೆ ಘಟ್ಟ ಹತ್ತಿ, ಆಗ ಸೂಪಾ ಎನಿಸಿಕೊಂಡಿದ್ದ ಜೋಯಿಡಾದ ಕಾಡಿಗೆ ಓಡಿ ಬಂದವರು ಇವರು ಎಂಬುದು ಒಂದು ವಾದ. ಬಿಜಾಪುರದ ಆದಿಲ್‌ಶಾಹಿಗಳ ಸೈನ್ಯದಲ್ಲಿದ್ದ ಹಬಶಿಗಳು, ರಾಜ್ಯ ಮೊಗಲರ ಪಾಲಾದ ಮೇಲೆ ಕಾಡು ಸೇರಿದರು ಎಂಬುದು ಇನ್ನೊಂದು. ಎರಡೂ ನಂಬುವ ಹಾಗೇ ಇದ್ದವು. ಬಿಜಾಪುರದ ಇಖ್ಲಾಸ್ ಖಾನ್, ಅಹ್ಮದ್‌ನಗರದ ಮಲಿಕ್ ಅಂಬರ್ ಇಬ್ಬರೂ ಆಫ್ರಿಕಾ ಮೂಲದವರೇ ಆಗಿದ್ದರು. ಆದರೆ ಎರಡು ದಾರಿಗಳು ಹೋಗಿ ಸೇರುತ್ತಿದ್ದುದು ಎರಡು ಬೇರೆ ನಾಡುಗಳಿಗೆ. ಹಬಶಿ ಎಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾದ ಕಡೆ. ಗೋವಾದ ದಾರಿ ಹಿಡಿದರೆ ಮೊಜಾಂಬಿಕ್. 1752ರ ತನಕ ಆ ವಸಾಹತಿನ ಆಡಳಿತವೂ ಗೋವಾದಿಂದಲೇ ನಡೆದಿತ್ತು. ದಾಖಲೆಗಳು ಹಡಗುಗಳ ಬಗ್ಗೆ ಮಾತಾಡಿದವು, ಸರದಾರರ ಬಗ್ಗೆ ಮಾತಾಡಿದವು. ಕಾಡು ಸೇರಿದ ಹೆಂಗಸಿನ ಬಗ್ಗೆ ಮಾತಾಡಲಿಲ್ಲ.

ಮುಂದಿನ ಸುಳಿವು ಕಾಗದದಲ್ಲಿ ಅಲ್ಲ, ಬಟ್ಟೆಯಲ್ಲಿ ಸಿಕ್ಕಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ನೈಜೀರಿಯಾದ ಯೊರುಬಾ ಕಲೆಯ ಅಧ್ಯಯನದಲ್ಲಿ ಆಯುಷ್ಯ ಕಳೆದವರು. ಆಫ್ರಿಕಾದಿಂದ ಚದುರಿದ ಜನರ ಕಲೆಯನ್ನು ಹುಡುಕುತ್ತ ಈ ಶತಮಾನದ ಆರಂಭದಲ್ಲಿ ಅವರು ಉತ್ತರ ಕನ್ನಡಕ್ಕೂ ಬಂದರು. ಸಿದ್ದಿಗಳ ಮನೆಗಳಲ್ಲಿ ಅವರ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಕೌದಿ. ಆ ಮನೆಯವರಿಗೆ ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಮಳೆಗಾಲದ ಥಂಡಿಗೆ ಮಕ್ಕಳು ಹೊದೆಯುವ ವಸ್ತು ಅದು, ಅಷ್ಟೇ.

ಆ ಕೌದಿ ಹುಟ್ಟುವ ಬಗೆಯನ್ನು ನೋಡುವವರಿಗೆ ತಾಳ್ಮೆ ಬೇಕು. ಹರಿದ ಸೀರೆ, ಸವೆದ ಅಂಗಿ, ಮಕ್ಕಳಿಗೆ ಗಿಡ್ಡವಾದ ಫ್ರಾಕು, ಯಾವುದನ್ನೂ ಎಸೆಯುವುದಿಲ್ಲ. ಅಂಚಿನಿಂದ ಹೊಲಿಗೆ ಶುರು ಮಾಡಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತಾರೆ. ಅಡುಗೆ, ದನ, ಗದ್ದೆಗೂಲಿ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾತ್ರ ಸೂಜಿ ಕೈಗೆ ಬರುತ್ತದೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವುಗಳನ್ನು ಹೊಲಿಯಲೇಬೇಕು. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎಂದೇ ಅವರ ಭಾವನೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ ಮೂಡುತ್ತದೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ. ಧರ್ಮ ಬೇರೆಯಾದರೂ ಹೊಲಿಗೆಯ ದಾರಿ ಒಂದೇ. ಹಿರಿಯರನ್ನು ನೆನೆದು ಪೂಜಿಸುವ ಪದ್ಧತಿಯೂ ಹಾಗೇ ಉಳಿದಿತ್ತು. ಯಲ್ಲಾಪುರ ಸೀಮೆಯ ಸಾತುಂಬೈಲಿನ ಸಿದ್ದಿ ನಾಸ ಗುಡಿಗೆ ಮೂರೂ ಧರ್ಮದ ಸಿದ್ದಿಗಳು ನಡೆದುಕೊಳ್ಳುತ್ತ ಬಂದಿದ್ದರು. ಸಂಸಾರಕ್ಕಾಗಿ ದುಡಿದು, ನಂಬಿಕೆಯನ್ನು ಕೈಬಿಡದೆ ಬದುಕಿದ ಆ ಮೊದಲ ಹೆಂಗಸಿನ ಸ್ವಭಾವ ಎಂಥದಿದ್ದೀತು ಎಂದು ಊಹಿಸಲು ಈ ಕೌದಿ ಮತ್ತು ಈ ಗುಡಿಗಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು.

ಸ್ವಭಾವ ತಿಳಿಯಿತು, ಊರು ತಿಳಿಯಲಿಲ್ಲ. ಲಿನ್ಸ್‌ಖೋಟೆನ್ ಕಂಡ ಸೂಜಿಯೇ ಮುಂಡಗೋಡದ ಕಾಡಿಗೂ ಬಂತು ಎಂದು ಹೇಳಿಬಿಡಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಊರೂರಿನ ಕೆಲಸ. ಸಿದ್ದಿ ಹೆಂಗಸು ಅದನ್ನು ತಂದಳೋ, ಇಲ್ಲಿ ಕಲಿತು ತನ್ನದನ್ನಾಗಿ ಮಾಡಿಕೊಂಡಳೋ, ಬಟ್ಟೆ ಹೇಳಲಾರದು. ಹುಡುಕಾಟ ಮತ್ತೆ ಗೋಡೆಗೆ ಬಡಿಯಿತು.

ಆ ಗೋಡೆಗೆ ಬಾಗಿಲು ಕೊರೆಯುವ ಕೆಲಸ, ಯಾರಿಗೂ ಅರಿವಿಲ್ಲದೆ, ಬಹಳ ಹಿಂದೆಯೇ ದೂರದ ಸ್ಟಾಕ್‌ಹೋಮ್‌ನಲ್ಲಿ ಶುರುವಾಗಿತ್ತು. 1960ರ ದಶಕದ ಆರಂಭದಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಎಂಬ ದಂಪತಿ ಕೋಳಿಭ್ರೂಣದ ಜೀವಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಸಣ್ಣ ಎಳೆಗಳು ಕಂಡವು. ಡಿಎನ್ಎ ಇರುವುದು ಕೋಶಕೇಂದ್ರದಲ್ಲಿ ಎಂಬುದು ಅಂದಿನ ಗಟ್ಟಿ ನಂಬಿಕೆ. ಮಾದರಿ ತಯಾರಿಸುವಾಗ ಹುಟ್ಟಿದ ಕೊಳೆ ಎಂದು ಆ ಎಳೆಗಳನ್ನು ತಳ್ಳಿಹಾಕಬಹುದಿತ್ತು. ದಂಪತಿ ಹಟ ಬಿಡಲಿಲ್ಲ. ಮಾದರಿ ತಯಾರಿಸುವ ವಿಧಾನಗಳನ್ನು ಬದಲಿಸಿ ಬದಲಿಸಿ ನೋಡಿದರು. ಕೊನೆಗೆ ಡಿಎನ್ಎಯನ್ನು ಮಾತ್ರ ಕರಗಿಸುವ ಕಿಣ್ವವನ್ನು ಹಾಕಿದರು. ಎಳೆಗಳು ಮಾಯವಾದವು. ಆರ್‌ಎನ್‌ಎ ಕರಗಿಸುವ ಕಿಣ್ವಕ್ಕೆ ಅವು ಜಗ್ಗಿರಲಿಲ್ಲ. 1963ರಲ್ಲಿ ಪ್ರಕಟವಾದ ಈ ಶೋಧ ಕೋಶದಲ್ಲಿ ಎರಡನೆಯ ಡಿಎನ್ಎ ಒಂದಿದೆ ಎಂದು ತೋರಿಸಿತು. ಅದು ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ ಎಂಬುದು ಆಮೇಲೆ ಖಚಿತವಾಯಿತು.

ತಾಯಿಯ ಜಾಡು ಅಂತಲೇ ಅದನ್ನು ಹಿಡಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯವರು. ಪ್ರೊಫೆಸರ್ ಅಲನ್ ವಿಲ್ಸನ್ ಅವರ ವಿದ್ಯಾರ್ಥಿನಿ ರೆಬೆಕಾ ಕ್ಯಾನ್ ಅವರಿಗೆ ಬೇರೆ ಬೇರೆ ಜನಾಂಗದವರ ಮೈಟೊಕಾಂಡ್ರಿಯ ಬೇಕಿತ್ತು, ಅದೂ ಧಾರಾಳವಾಗಿ. ಇಂದಿನ ಹಾಗೆ ಒಂದು ಹನಿ ರಕ್ತ ಸಾಲುತ್ತಿರಲಿಲ್ಲ. ಅದು ಹೇರಳವಾಗಿ ಸಿಗುವುದು, ಹೆರಿಗೆಯಾದ ಮೇಲೆ ಎಸೆದುಬಿಡುವ ಮಾಸಿನಲ್ಲಿ. ಕ್ಯಾನ್ ಆಸ್ಪತ್ರೆಗಳನ್ನು, ತಾಯಂದಿರನ್ನು ಒಪ್ಪಿಸಿ ಮಾಸು ಸಂಗ್ರಹಿಸಿದರು, ಹೆಪ್ಪುಗಟ್ಟಿಸಿ ಇಟ್ಟರು, ಅರೆದು ಡಿಎನ್ಎ ಬೇರ್ಪಡಿಸಿದರು. ಮಾರ್ಕ್ ಸ್ಟೋನ್‌ಕಿಂಗ್ ಜೊತೆಯಾದರು. 145 ಮಾಸುಗಳು ಮತ್ತು ಎರಡು ಕೋಶಸಂತತಿಗಳು, ಒಟ್ಟು 147. ಆ ಎರಡರಲ್ಲಿ ಒಂದು ಹೆನ್ರಿಯೆಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಅಮೆರಿಕನ್ ಹೆಂಗಸಿನದು. ಅವಳನ್ನು ಕೇಳದೆಯೇ 1951ರಲ್ಲಿ ತೆಗೆದಿಟ್ಟುಕೊಂಡ ಕೋಶಗಳಿಂದ ಬೆಳೆದದ್ದು. 1987ರ ಜನವರಿ 1ರ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಈಗಿರುವ ಮನುಷ್ಯರೆಲ್ಲರ ತಾಯಿಬಳ್ಳಿ ಸುಮಾರು ಎರಡು ಲಕ್ಷ ವರ್ಷ ಹಿಂದೆ ಆಫ್ರಿಕಾದಲ್ಲಿ ಬೇರು ಬಿಟ್ಟಿತ್ತು. ಕೂಡಲೇ ಆಕ್ಷೇಪಗಳು ಎದ್ದವು. ಆಫ್ರಿಕಾದವರೆಂದು ಲೆಕ್ಕ ಹಾಕಿದ 20 ಮಂದಿಯಲ್ಲಿ 18 ಮಂದಿ ಅಮೆರಿಕದ ಕರಿಯರೇ ಆಗಿದ್ದರು. ತಂಡ ಹೊಸ ಮಾದರಿಗಳೊಂದಿಗೆ ಮತ್ತೆ ಲೆಕ್ಕಕ್ಕೆ ಕೂತಿತು. ಬೇರು ಆಫ್ರಿಕಾದಿಂದ ಕದಲಲಿಲ್ಲ.

ಇತ್ತ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಇದ್ದರು. ಅವರು ಡಿಎನ್ಎಯ ಬೆನ್ನು ಹತ್ತಿದ್ದು ಮನುಷ್ಯರಿಗಾಗಿ ಅಲ್ಲ, ಹಾವುಗಳಿಗಾಗಿ. ಪಟ್ಟೆಯ ಕಟ್ಟುಹಾವಿನ ಲಿಂಗ ವರ್ಣತಂತುವನ್ನು ಹುಡುಕುತ್ತ ಹೊರಟವರಿಗೆ ಸಿಕ್ಕ ಡಿಎನ್ಎ ತುಣುಕೇ ಮುಂದೆ ಮನುಷ್ಯರ ಗುರುತು ಹಚ್ಚುವ ಡಿಎನ್ಎ ಬೆರಳಚ್ಚಿಗೆ ಬಳಕೆಯಾಯಿತು. ಕೆ. ತಂಗರಾಜ್ ಜೊತೆ ಅವರು ಭಾರತದ ಜನಸಮುದಾಯಗಳ ಮೂಲದ ಕಡೆ ತಿರುಗಿದರು. ಅಂಡಮಾನಿನ ಮೂಲನಿವಾಸಿಗಳು ಅವರಿಗೆ ಒಂದು ಪಾಠ ಕಲಿಸಿದ್ದರು. ನೋಡಲು ಅವರು ಆಫ್ರಿಕಾದವರ ಹಾಗೇ ಇದ್ದರು, ಆದರೆ 2005ರ ಫಲಿತಾಂಶದ ಪ್ರಕಾರ ಅವರು ಹತ್ತಾರು ಸಾವಿರ ವರ್ಷಗಳ ಹಿಂದೆಯೇ ಬಂದು ಬೇರೆಯಾದ ಕವಲು. ನೋಟ ನಂಬಿ ತೀರ್ಪು ಕೊಡುವಂತಿರಲಿಲ್ಲ. ಸಿದ್ದಿಗಳ ವಿಷಯದಲ್ಲೂ ಎಲ್ಲವನ್ನೂ ಮೊದಲಿನಿಂದ ನೋಡಬೇಕಿತ್ತು.

ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ರಕ್ತದ ಮಾದರಿಗಳು ಪ್ರಯೋಗಾಲಯ ಸೇರಿದವು. ಅನೀಶ್ ಶಾ ಮತ್ತು ಸಂಗಡಿಗರು ಲಕ್ಷಗಟ್ಟಲೆ ಡಿಎನ್ಎ ಗುರುತುಗಳನ್ನು ಓದಿದರು. ಲೆಕ್ಕಾಚಾರಕ್ಕೆ ಹಾರ್ವರ್ಡ್‌ನ ಡೇವಿಡ್ ರೈಖ್ ಅವರ ತಂಡ ಸೇರಿತು. ತಂದೆಯ ಬಳ್ಳಿ, ತಾಯಿಯ ಬಳ್ಳಿ, ಎರಡೂ ಬೆರೆತ ಉಳಿದ ಭಾಗ, ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು.

2011ರ ಜುಲೈನಲ್ಲಿ ಉತ್ತರ ಬಂತು. ತಾಯಿಯ ಬಳ್ಳಿಯಲ್ಲಿ ‘ಎಲ್’ ಗುಂಪಿನ ಕವಲುಗಳು ಸಿಕ್ಕವು, ಅದರಲ್ಲೂ ಮೊಜಾಂಬಿಕ್ ಕಡೆ ಹಬ್ಬಿರುವ ಬಂಟು ಭಾಷೆಗಳನ್ನಾಡುವ ಹೆಂಗಸರಲ್ಲಿ ಕಾಣುವ ಎಲ್0 ಮತ್ತು ಎಲ್2ಎ. ಭಾರತದ ತಾಯಂದಿರ ಕವಲುಗಳೂ ಜೊತೆಗಿದ್ದವು. ತಂದೆಯ ಬಳ್ಳಿಯೂ ಬಂಟು ನಾಡಿನ ಕಡೆಗೇ ಬೆರಳು ತೋರಿತು. ಆಫ್ರಿಕಾ ಮತ್ತು ಭಾರತದ ಅಂಶಗಳ ಜೊತೆ ಬಹುಶಃ ಯುರೋಪಿನ, ಅಂದರೆ ಪೋರ್ಚುಗೀಸರ, ಅಂಶವೂ ಇರಬಹುದು ಎಂದು ಕಂಡಿತು. ಬೆರಕೆಯ ಕಾಲವನ್ನೂ ಡಿಎನ್ಎಯೇ ಹೇಳಿತು. ಬೆರೆತ ಮೊದಲ ತಲೆಮಾರಿನಲ್ಲಿ ಆಫ್ರಿಕಾದಿಂದ ಬಂದ ಡಿಎನ್ಎ ಉದ್ದುದ್ದ ಪಟ್ಟಿಗಳಾಗಿರುತ್ತದೆ; ತಲೆಮಾರು ದಾಟಿದಂತೆ ಅದು ಕೌದಿಯ ತುಂಡುಗಳ ಹಾಗೆ ಚಿಕ್ಕದಾಗುತ್ತ ಹೋಗುತ್ತದೆ. ತುಂಡಿನ ಉದ್ದ ಅಳೆದರೆ ತಲೆಮಾರಿನ ಲೆಕ್ಕ ಸಿಗುತ್ತದೆ. ಆ ಲೆಕ್ಕ ಸುಮಾರು ಎಂಟು ತಲೆಮಾರು, ಅಂದರೆ ಹೆಚ್ಚುಕಡಿಮೆ ಇನ್ನೂರು ವರ್ಷ ಎಂದಿತು. ಹಾಗಾದರೆ ಸಮುದ್ರ ದಾಟಿ ಬಂದವರು ಬಹುಕಾಲ ತಮ್ಮವರ ನಡುವೆಯೇ ಸಂಸಾರ ಹೂಡಿ, ಆಮೇಲಷ್ಟೇ ನೆರೆಹೊರೆಯವರೊಂದಿಗೆ ಬೆರೆತಿದ್ದಿರಬಹುದು.

ಮೂಲದ ಪ್ರಶ್ನೆಯಲ್ಲಿ ಗೋವಾದ ದಾರಿ ಹಿಡಿದವರ ವಾದ ಗೆದ್ದಿತು. ಈ ಕಾಡಿನ ಸಿದ್ದಿಗಳ ಮೊದಲ ತಾಯಿ ಅಬಿಸೀನಿಯಾದ ಸರದಾರರ ಕುಲದವಳಲ್ಲ. ಬಂಟು ಭಾಷೆಯಾಡುವ, ಪೋರ್ಚುಗೀಸ್ ಹಡಗುಗಳು ಹೋಗಿ ತಂಗುತ್ತಿದ್ದ ನಾಡಿನವಳು.