ಹಣ್ಣಾದ ಸೀರೆಗಳ ಕೌದಿ

ಕೌದಿ ಹೊಲಿಯಲು ಕೂತವರು ಮೊದಲು ಬಟ್ಟೆಯ ಗಂಟು ಬಿಚ್ಚುತ್ತಾರೆ. ಒಂದೊಂದೇ ಹಳೇ ಸೀರೆ ಎತ್ತಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಜಗ್ಗುತ್ತಾರೆ. ಪರ್ರೆಂದು ಹರಿದರೆ ಅದು ಒಳಪದರಕ್ಕೆ. ಎಳೆ ಸಡಿಲಾದರೂ ಹರಿಯದೆ ತಡೆದರೆ ಮೇಲ್ಮೈಗೆ. ಜಗ್ಗಿದಾಗ ಇನ್ನೂ ಗಂಜಿಯ ಬಿಗುವು ಕೈಗೆ ತಾಕಿತೆಂದರೆ ಅದನ್ನು ಮಡಚಿ ಪಕ್ಕಕ್ಕಿಡುತ್ತಾರೆ. ಅದು ಇನ್ನಷ್ಟು ದಿನ ಮೈಮೇಲೆ ಇರಬೇಕಾದ ಸೀರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಟ್ಟೆ ಹಳೆಯದಾಯಿತು ಎನ್ನುವುದಕ್ಕಿಂತ ಹಣ್ಣಾಯಿತು ಎನ್ನುವುದೇ ಹೆಚ್ಚು. ಹಣ್ಣಾಗದ ಬಟ್ಟೆಯಿಂದ ಕೌದಿಯಾಗುವುದಿಲ್ಲ. ಅಂಗಡಿಯಿಂದ ಹೊಸ ಕಾಟನ್ ತಂದು ಅದೇ ಅಳತೆ, ಅದೇ ಹೊಲಿಗೆ ಹಾಕಿದರೂ ಅದು ಮೈಗೆ ಒರಟಾಗಿ ನಿಲ್ಲುತ್ತದೆ, ಮೈಯನ್ನು ತಬ್ಬುವುದಿಲ್ಲ. ವರ್ಷಗಟ್ಟಲೆ ಉಟ್ಟು, ಬಂಡೆಯ ಮೇಲೆ ಒಗೆದು, ಬಿಸಿಲಿಗೆ ಒಣಗಿಸಿ ಬಟ್ಟೆಗೆ ಬಂದ ಮೆತ್ತಗಿನ ಗುಣವನ್ನು ಯಾವ ಗಿರಣಿಯೂ ಕೊಡಲಾರದು. ಹಾಗಾಗಿ ಒಂದು ಕೌದಿಗೆ ತಗಲುವ ಕಾಲವನ್ನು ಹೊಲಿಗೆಯ ದಿನಗಳಲ್ಲಿ ಲೆಕ್ಕ ಹಾಕಿದರೆ ಸಾಲದು, ಉಟ್ಟ ವರ್ಷಗಳನ್ನೂ ಸೇರಿಸಬೇಕು ಎಂದು ನನಗನ್ನಿಸುತ್ತದೆ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಕಲಬುರಗಿ ಕಡೆಯ ಯಾವ ಹಳ್ಳಿಗೆ ಹೋದರೂ ಒಳಮನೆಯ ಗೋಡೆಗೆ ಆನಿಸಿದ ಪೆಟ್ಟಿಗೆಯ ಮೇಲೋ, ತೊಲೆಗೆ ಕಟ್ಟಿದ ಗಳದ ಮೇಲೋ ಮಡಚಿಟ್ಟ ಕೌದಿಗಳ ಸಾಲು ಕಾಣುತ್ತದೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅದು ಗೋಧಡಿ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಮರಳುನಾಡಿನಲ್ಲಿ ರಲ್ಲಿ. ಚಿತ್ತಾರ, ಬಣ್ಣ ಒಂದೊಂದು ಕಡೆ ಒಂದೊಂದು ಬಗೆ. ಆದರೆ ಎಲ್ಲದರ ಬುನಾದಿ ಒಂದೇ: ಉಟ್ಟ ಬಟ್ಟೆಯ ಪದರಗಳು, ಅವನ್ನು ಹಿಡಿದಿಡುವ ಸಾದಾ ಓಟದ ಹೊಲಿಗೆ. ಬಂಗಾಳದ ಕಾಂಥಾಕ್ಕೆ ಸಿಕ್ಕ ಹೆಸರು, ನಮ್ಮದೇ ಧಾರವಾಡ ಸೀಮೆಯ ಕಸೂತಿಗೆ ಸಿಕ್ಕ ಮನ್ನಣೆ ಕೌದಿಗೆ ಸಿಗಲಿಲ್ಲ. ಕಸೂತಿ ಮೆರೆಯುವುದು ಸೀರೆಯ ಸೆರಗಿನಲ್ಲಿ, ನಾಲ್ಕು ಜನ ನೋಡುವಲ್ಲಿ. ಕೌದಿ ಇರುವುದು ಹಾಸಿಗೆಯಲ್ಲಿ. ನೆಂಟರು ಬಂದಾಗ ಒಳಗೆ ಸರಿಸಿಡುವ ವಸ್ತುವಾಗಿಯೇ ಅದು ಉಳಿದುಬಿಟ್ಟಿತು.

ಒಂದು ಹಳೇ ಕೌದಿಯನ್ನು ಹಗಲು ಬೆಳಕಿನಲ್ಲಿ ಹಾಸಿ ನೋಡಿದರೆ ಆ ಸೀಮೆಯ ನೇಕಾರಿಕೆಯೆಲ್ಲ ಅಲ್ಲಿ ಸಿಗುತ್ತದೆ. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ಮಾತ್ರ ರೇಷ್ಮೆಯದು ಅಥವಾ ರೇಷ್ಮೆಯಂಥ ನೂಲಿನದು. ಮೈಯ ಹಾಸೆಳೆ ಮುಗಿಯುವ ಕಡೆ ಸೆರಗಿನ ಹಾಸೆಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಕೌದಿ ಹೊಲಿಯುವವರಿಗೆ ಈ ಜೋಡಣೆ ಚೆನ್ನಾಗಿ ಗೊತ್ತು. ಹತ್ತಿಯ ಮೈ ಹಣ್ಣಾದ ಮೇಲೂ ಕೆಂಪು ಸೆರಗು ಹೊಳಪು ಬಿಡದೆ ಉಳಿದಿರುತ್ತದೆ. ಅದನ್ನು ಕತ್ತರಿಸಿ ಕೌದಿಯ ನಡುವಿಗೋ ಅಂಚಿಗೋ ಇಡುತ್ತಾರೆ. ಅದರ ಪಕ್ಕದಲ್ಲಿ ಗುಳೇದಗುಡ್ಡದ ಖಣದ ಕುಪ್ಪಸದ ತುಂಡು, ಅಜ್ಜನ ಪಟಕದ ಬಣ್ಣದ ಪಟ್ಟಿ, ಮಗಳು ಶಾಲೆಗೆ ಹಾಕಿಕೊಂಡು ಹೋದ ಲಂಗದ ಹೂವು. ಬಿಳಿ ಧೋತರ ಸಾಮಾನ್ಯವಾಗಿ ಒಳಗೆ ಸೇರುತ್ತದೆ. ಬೆವರು ಹೀರುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಯಾವ ತುಂಡು ಯಾರದು ಎಂದು ಕೇಳಿದರೆ ಮನೆಯ ಹಿರಿಯರು ಬೆರಳಿಟ್ಟು ಹೇಳುತ್ತಾರೆ: ಇದು ನಿಮ್ಮ ಸೋದರತ್ತೆಯ ಸೀಮಂತದ್ದು, ಇದು ಕಾಕಾನ ಮದುವೆಯಲ್ಲಿ ಮಾಡಿದ ಆಯೇರಿಯದ್ದು.

ಇನ್ನು ಕೆಲಸದ ಬಗೆ. ಆರು ಗಜದ ಸೀರೆಯನ್ನು ನಡುವಿಗೆ ಮಡಚಿದರೆ ಉದ್ದ ಎರಡೂಮುಕ್ಕಾಲು ಮೀಟರು, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಒಬ್ಬರು ಹಾಸಿ ಹೊದೆಯುವ ಕೌದಿಗೆ ಅದೇ ಅಳತೆ. ಇಬ್ಬರಿಗೆ ಬೇಕೆಂದರೆ ಎರಡು ಅಗಲ ಜೋಡಿಸುತ್ತಾರೆ. ಸಗಣಿ ಸಾರಿಸಿದ ಅಥವಾ ಹಾಸುಗಲ್ಲಿನ ನೆಲದ ಮೇಲೆ ಅಡಿಯ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಮೇಲೆ ಹರಕು ಬಟ್ಟೆಯ ಪದರ ಹರಡಿ, ಅದರ ಮೇಲೆ ಚೆಂದದ ತುಂಡುಗಳನ್ನು ಜೋಡಿಸಿ, ಅಂಚು ಒಳಕ್ಕೆ ಮಡಚಿ, ದಾರ ಪೋಣಿಸಿದ ಉದ್ದನೆ ಸೂಜಿಯಿಂದ ಹೊಲಿಗೆ ಶುರು. ಅಂಚಿನ ಗುಂಟ ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು, ಮತ್ತೊಂದು. ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ. ಹೊರಗಿನಿಂದ ಒಳಕ್ಕೆ ಬರುವುದರಲ್ಲಿ ಯೋಚನೆ ಇದೆ: ಮೊದಲು ಅಂಚು ಗಟ್ಟಿಯಾಗುತ್ತದೆ. ಅಂಚಿನಿಂದ ಒಳಕ್ಕೆ ತಳ್ಳುತ್ತ ಬಂದ ಸಡಿಲು ಬಟ್ಟೆಯನ್ನು ಪ್ರತಿ ಸಾಲಿಗೂ ಅಂಗೈಯಿಂದ ಸವರಿ ಸವರಿ ಹರಡುತ್ತಾರೆ. ಈ ಸವರುವ ಕೈ ಪಳಗಿರದಿದ್ದರೆ ನಡುವಿನಲ್ಲಿ ಗುಳ್ಳೆ ಏಳುತ್ತದೆ.

ಬೆರಳಿನ ಅಗಲವನ್ನು ಒಂದೂವರೆ ಸೆಂಟಿಮೀಟರು ಎಂದು ಹಿಡಿಯೋಣ. ಒಂದೇ ಸೀರೆಯಳತೆಯ ಕೌದಿಯಲ್ಲಿ ಹೊಲಿಗೆಯ ಸಾಲುಗಳ ಒಟ್ಟು ಉದ್ದ 200 ಮೀಟರು ದಾಟುತ್ತದೆ. ಸೆಂಟಿಮೀಟರಿಗೊಂದು ಟಾಕು ಎಂದರೂ 20,000ಕ್ಕೂ ಹೆಚ್ಚು ಟಾಕು. ದಾರವನ್ನು ಕೈಯುದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಉದ್ದ ದಾರ ಸಿಕ್ಕುಗಟ್ಟುತ್ತದೆ, ಬಟ್ಟೆಯೊಳಗೆ ಹಾದು ಹಾದು ಸವೆಯುತ್ತದೆ. ಚಿಕ್ಕ ಚಿಕ್ಕ ದಾರಗಳಲ್ಲಿ ಹೊಲಿದಿದ್ದರೆ ಮುಂದೆ ಎಲ್ಲಾದರೂ ಒಂದು ಕಡೆ ಕಿತ್ತರೂ ಉಳಿದ ಸಾಲುಗಳು ಹಿಡಿದುಕೊಂಡಿರುತ್ತವೆ. ಇನ್ನೊಂದು ಸೂಕ್ಷ್ಮವಿದೆ. ದಾರ ಬಟ್ಟೆಗಿಂತ ಗಟ್ಟಿಯಿರಬಾರದು. ನೈಲಾನ್ ದಾರದಲ್ಲಿ ಹೊಲಿದ ಕೌದಿಯಲ್ಲಿ ದಾರ ಹಾಗೇ ಇರುತ್ತದೆ, ಹಣ್ಣಾದ ಬಟ್ಟೆ ಮಾತ್ರ ಹೊಲಿಗೆಯ ಗುಂಟ ಕೊಯ್ದಂತೆ ಸೀಳುತ್ತದೆ. ದಾರ ಕಿತ್ತರೆ ಮತ್ತೆ ಹೊಲಿಯಬಹುದು. ಬಟ್ಟೆ ಸೀಳಿದರೆ ತೇಪೆಯೇ ಗತಿ.

ಬಿತ್ತನೆ, ಸುಗ್ಗಿ ಎರಡೂ ಇಲ್ಲದ ಬೇಸಿಗೆಯ ಮಧ್ಯಾಹ್ನಗಳೇ ಈ ಕೆಲಸದ ಹೊತ್ತು. ಓಣಿಯ ಮೂರು ನಾಲ್ಕು ಮಂದಿ ನಾಲ್ಕು ಅಂಚಿಗೆ ಕೂತು ಹೊಲಿಯುತ್ತ ಒಳಕ್ಕೆ ಸರಿಯುತ್ತಾರೆ. ಯಾರ ಕೈಯ ಟಾಕು ಸಣ್ಣದು, ಯಾರದು ದೊಡ್ಡದು ಎಂಬುದು ಕೌದಿಯ ಮೇಲೆ ಹಾಗೇ ಉಳಿಯುತ್ತದೆ. ಹೊಲಿಯಲು ಬಿಡುವಿಲ್ಲದವರ ಮನೆಗಳಿಗೆ ಅಲೆಮಾರಿ ಸಮುದಾಯಗಳ ಹೆಂಗಸರು, ಮುಖ್ಯವಾಗಿ ಗೊಂದಲಿಗರ ಮನೆಗಳವರು, ಬಂದು ಕೌದಿ ಹೊಲಿದುಕೊಡುತ್ತಿದ್ದುದೂ ಉಂಟು. ಬಟ್ಟೆ ಮನೆಯವರದು, ಕೈ ಅವರದು. ಕೂಲಿ ಕಾಳಿನಲ್ಲೋ ಹಣದಲ್ಲೋ. ಈ ಕಲೆ ಊರಿಂದ ಊರಿಗೆ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಅದನ್ನು ಬರೆದಿಟ್ಟವರು ಕಡಿಮೆ.

ಕೌದಿಯನ್ನು ಬಿಟ್ಟ ಕಣ್ಣು ಮುಚ್ಚದೆ ನೋಡಬೇಕೆಂದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರ ಮನೆಗಳಿಗೆ ಹೋಗಬೇಕು. ಶತಮಾನಗಳ ಹಿಂದೆ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ವಂಶದವರೇ ಉತ್ತರ ಕನ್ನಡದ ಸಿದ್ದಿಗಳು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಅವರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಹೊಲಿಗೆಯ ಕ್ರಮ ಬಯಲುಸೀಮೆಯದೇ, ಅಂಚಿನಿಂದ ನಡುವಿಗೆ. ಆದರೆ ತುಂಡುಗಳನ್ನು ಇಡುವ ರೀತಿ ಬೇರೆ. ಮೊದಲೇ ಎಲ್ಲವನ್ನೂ ಜೋಡಿಸಿಟ್ಟುಕೊಳ್ಳುವುದಿಲ್ಲ. ಹೊಲಿಯುತ್ತ ಹೋದಂತೆ ಕೈಗೆ ಸಿಕ್ಕ ತುಂಡನ್ನು ಎತ್ತಿ, ಅಂಚನ್ನು ಉಗುರಿನಿಂದ ಗೀರಿ ಮಡಚಿ, ಹಿಂದಿನ ತುಂಡಿನ ಮೇಲೆ ಅರ್ಧ ಏರಿಸಿ ಕೂರಿಸುತ್ತಾರೆ. ಹಸಿರಿನ ಪಕ್ಕಕ್ಕೆ ಕೆಂಪು, ಅದರ ಪಕ್ಕಕ್ಕೆ ಹಳದಿ ಗೆರೆ. ಲೆಕ್ಕವಿಲ್ಲ ಎನ್ನಿಸುತ್ತದೆ, ದೂರ ನಿಂತರೆ ಇಡೀ ಕವಂದಿ ತೂಕದಲ್ಲಿ ನಿಂತಿರುತ್ತದೆ. ಕ್ರೈಸ್ತ ಮನೆಯ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಮೂಡುವುದೂ ಉಂಟು.

ನಾಲ್ಕು ಮೂಲೆಗಳಿಗೆ ಬಣ್ಣದ ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಮಾಡಿ ತ್ರಿಕೋನದ ಹೂವು ಕೂರಿಸುತ್ತಾರೆ, ಅದಕ್ಕೆ ಫೂಲ ಎಂದು ಹೆಸರು. ಹೂವಿಲ್ಲದ ಕವಂದಿಯನ್ನು ಮುಗಿದ ಕೆಲಸವೆಂದು ಅವರು ಒಪ್ಪುವುದಿಲ್ಲ. ಕೆಲವರು ನಡುವಿನ ಕೊನೆಯ ಕಿಂಡಿ ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ಹೊದ್ದವರ ಮನೆಯಲ್ಲಿ ಅನ್ನಕ್ಕೆ ಕೊರತೆ ಬಾರದಿರಲಿ ಎಂಬ ಹಾರೈಕೆ. ಆಫ್ರಿಕಾದ ಕಲೆಯನ್ನು ಅಧ್ಯಯನ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಕಂಡು, ಹೊಲಿಯುವ ಹೆಂಗಸರ ಸಹಕಾರ ಸಂಘ ಕಟ್ಟಲು ನೆರವಾದರು, ಅವರ ಕೆಲಸ ಅಮೆರಿಕದಲ್ಲಿ ಪ್ರದರ್ಶನ ಕಾಣುವಂತೆ ಮಾಡಿದರು. ಇಂಥದೇ ಕೆಲಸಕ್ಕೆ ಅಲ್ಲಿ ಸಿಕ್ಕ ಮನ್ನಣೆ ನೋಡಿ: ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸದ ಹಳೇ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ನಮ್ಮ ಸಿದ್ದಿ ಹೆಂಗಸರ ಕೈಕೆಲಸಕ್ಕೆ ಅಂಥ ಗೌರವ ನಮ್ಮ ನಾಡಿನಲ್ಲೇ ಮೊದಲು ಸಲ್ಲಬೇಕಿತ್ತು ಎಂಬ ಸಂಕಟ ನನಗಿದೆ.

ಹಳೇ ಬಟ್ಟೆಯ ಕೆಲಸ ಕೌದಿಗೇ ನಿಲ್ಲುವುದಿಲ್ಲ. ಖಣದ ತುಂಡುಗಳಿಂದ ಕೂಸಿನ ಕುಂಚಿಗಿ, ಕುಲಾಯಿ. ಎಲೆ, ಅಡಿಕೆ, ಸುಣ್ಣಕ್ಕೆ ಬೇರೆ ಬೇರೆ ಅರೆಗಳಿರುವ ಚಂಚಿ. ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹೊದಿಸುವ ಜೂಲು. ಇದೆಲ್ಲ ಒಂದೇ ಗಂಟಿನಿಂದ ಹುಟ್ಟುವ ಸಾಮಾನು.

ಈಗ ಕೌದಿಗೆ ಬಂದಿರುವ ತೊಂದರೆಯ ಮಾತು. ಅಗ್ಗದ ಬ್ಲಾಂಕೆಟ್ಟು ಬಂದು ಕೌದಿ ಮೂಲೆ ಸೇರಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಬ್ಲಾಂಕೆಟ್ಟು ಇರುವ ಮನೆಯಲ್ಲೂ ವಯಸ್ಸಾದವರು ಕೌದಿಯನ್ನೇ ಕೇಳುತ್ತಾರೆ, ಬಾಣಂತಿಯ ಕೋಣೆಗೆ ಕೌದಿಯೇ ಬೇಕು. ನಿಜವಾದ ಪೆಟ್ಟು ಬಿದ್ದಿರುವುದು ಬಟ್ಟೆಯ ಗಂಟಿಗೆ. ದಿನಬಳಕೆಯ ಸೀರೆ ಹತ್ತಿಯಿಂದ ಪಾಲಿಯೆಸ್ಟರಿಗೆ ತಿರುಗಿತು. ಒಗೆಯಲು ಸುಲಭ, ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಹೊಲದಲ್ಲಿ ದುಡಿಯುವ ಹೆಂಗಸಿಗೆ ಅದು ದೊಡ್ಡ ಅನುಕೂಲ. ಅದನ್ನು ಯಾರೂ ಹಳಿಯುವಂತಿಲ್ಲ. ಆದರೆ ಪಾಲಿಯೆಸ್ಟರ್ ಹಣ್ಣಾಗುವುದಿಲ್ಲ. ಬಣ್ಣ ಮಾಸಿದರೂ ಎಳೆ ಮೆತ್ತಗಾಗದು, ಬೆವರು ಹೀರದು, ಪದರದ ಮೇಲೆ ಪದರ ಜಾರುತ್ತದೆ. ಇತ್ತೀಚಿನ ಕೌದಿಗಳಲ್ಲಿ ಮೇಲೆ ಹೂಹೂವಿನ ಸಿಂಥೆಟಿಕ್ ಸೀರೆ, ಒಳಗಷ್ಟೇ ಹತ್ತಿ ಇರುವುದನ್ನು ಕಾಣುತ್ತೇವೆ. ಹೊಲಿಯುವವರು ಮಾಡಿಕೊಂಡ ಹೊಂದಾಣಿಕೆ ಅದು, ಜಾಣತನದ್ದೇ. ಮೈಗೆ ತಾಗುವ ಕಡೆಗಾದರೂ ಹತ್ತಿ ಇರಲಿ ಎಂದು ಅಡಿಯ ಸೀರೆಯನ್ನು ಹುಡುಕಿ ತಂದು ಹಾಕುವವರಿದ್ದಾರೆ.

ಮನೆಯಲ್ಲೇ ಹೊಲಿದು ನೋಡಬೇಕೆನ್ನುವವರು ಕೂಸಿನ ಕೌದಿಯಿಂದ ಶುರು ಮಾಡುವುದು ಒಳ್ಳೆಯದು. 90 ಸೆಂಟಿಮೀಟರು ಉದ್ದ, 75 ಅಗಲ ಸಾಕು. ಹತ್ತಿಯದೆಂದು ಖಾತ್ರಿ ಇರುವ ಹಳೇ ಸೀರೆ, ಪಂಚೆ, ದುಪಟ್ಟಾ ಆರಿಸಿ. ಖಾತ್ರಿ ಇಲ್ಲದಿದ್ದರೆ ಎರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಬಿಸಿನೀರಲ್ಲಿ ಒಗೆದು, ಗುಂಡಿ, ಹುಕ್ಕು, ಜರಿ ತೆಗೆದು, ದಪ್ಪ ಮಡಿಕೆಯ ಹೊಲಿಗೆಗಳನ್ನು ಬಿಚ್ಚಿಕೊಳ್ಳಿ. ನಾಲ್ಕು ಪದರ ಧಾರಾಳ. ಮೇಜಿನ ಮೇಲೆ ಹೊಲಿಯಬೇಡಿ, ನೆಲದ ಮೇಲೆ ಹಾಸಿ. ಮೇಜಿನಿಂದ ಜೋತುಬಿದ್ದ ಭಾಗ ಪದರಗಳನ್ನು ಎಳೆಯುತ್ತದೆ. ಮೊದಲ ಸಲದವರು ಅಡ್ಡಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರ ಸರಿಯುವುದಿಲ್ಲ, ಕೊನೆಗೆ ಕಿತ್ತುಹಾಕಬಹುದು. ಗಂಟುಗಳನ್ನು ಪದರದ ಒಳಗೇ ಅಡಗಿಸಿ, ಕೂಸಿನ ಮೈಗೆ ಒತ್ತಬಾರದು. ಮಷೀನಿನಲ್ಲಿ ಹೊಲಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಒತ್ತಾದ ಬಿಗಿ ಹೊಲಿಗೆ ಪದರಗಳನ್ನು ಅದುಮಿ ಹಲಗೆ ಮಾಡಿಬಿಡುತ್ತದೆ. ಕೈಹೊಲಿಗೆಯ ಸಡಿಲಿನಲ್ಲಿ ಪದರಗಳ ನಡುವೆ ಗಾಳಿ ಉಳಿಯುತ್ತದೆ, ಬೆಚ್ಚಗಿಡುವುದು ಅದೇ ಗಾಳಿ.

ಟೀ ಶರ್ಟುಗಳನ್ನು ಕೌದಿಗೆ ಸೇರಿಸಬೇಡಿ. ಅವು ಹೆಣೆದ ಬಟ್ಟೆ, ಜಗ್ಗುತ್ತವೆ, ನೇಯ್ದ ಬಟ್ಟೆಯ ಜೊತೆ ಹೊಂದುವುದಿಲ್ಲ. ಅವುಗಳ ಜಾಗ ಕ್ರೋಶಾ ಕೊಕ್ಕೆಯ ತುದಿಯಲ್ಲಿ. ಕಂಕುಳಿನ ಕೆಳಗಿನ ಭಾಗವನ್ನು ಬೆರಳಗಲದ ಒಂದೇ ಉದ್ದ ಪಟ್ಟಿಯಾಗಿ ಸುತ್ತಸುತ್ತ ಕತ್ತರಿಸಿ, ಕೈಯಲ್ಲಿ ಜಗ್ಗಿದರೆ ಅಂಚು ತಾನಾಗಿ ಸುರುಳಿ ಸುತ್ತಿಕೊಂಡು ದಪ್ಪ ನೂಲಾಗುತ್ತದೆ. 10 ಮಿಲಿಮೀಟರಿನ ಕೊಕ್ಕೆಯಲ್ಲಿ ನಡುವಿನಿಂದ ಹೊರಕ್ಕೆ ಸುತ್ತು ಹಾಕುತ್ತ ಹೋದರೆ ಬಚ್ಚಲ ಬಾಗಿಲಿಗೆ ನೀರು ಹೀರುವ ಒಳ್ಳೆಯ ಹಾಸು ಸಿದ್ಧ. ನಾಲ್ಕೈದು ಟೀ ಶರ್ಟು ಬೇಕಾಗಬಹುದು. ಶಾಲೆಯ ಮಕ್ಕಳೂ ರಜೆಯಲ್ಲಿ ಕಲಿತುಬಿಡುವ ಕೆಲಸ ಇದು.

ಹೊಲಿಯಲು ಆಗದವರು ಕೊಳ್ಳುತ್ತಾರೆ, ಅದೂ ಬೇಕಾದದ್ದೇ. ಪಟ್ಟಣದ ಅಂಗಡಿಗಳಲ್ಲಿ ಈಗ ಕೌದಿ ಎಂದು ಮಾರುವುದರಲ್ಲಿ ಹೊಸ ಬಟ್ಟೆಯ ಮಷೀನ್ ಹೊಲಿಗೆಯವೂ ಬೆರೆತಿವೆ. ಕೊಳ್ಳುವ ಮುನ್ನ ಮಗುಚಿ ಹಿಂಬದಿ ನೋಡಿ. ಕೈಹೊಲಿಗೆಯಾದರೆ ಟಾಕುಗಳು ಒಂದಕ್ಕೊಂದು ತುಸು ಹೆಚ್ಚುಕಡಿಮೆ ಇರುತ್ತವೆ, ಸಾಲು ಮೂಲೆಯಲ್ಲಿ ತಿರುಗಿ ಒಳಕ್ಕೆ ಹೋಗುತ್ತದೆ. ಒಳಗೆ ಯಾವ ಬಟ್ಟೆ ಹಾಕಿದ್ದಾರೆ, ಯಾವ ದಾರ ಎಂದು ಕೇಳಿ. ದರ ಚೌಕಾಸಿ ಮಾಡುವಾಗ ಆ 20,000 ಟಾಕುಗಳನ್ನು ನೆನಪಿಟ್ಟುಕೊಳ್ಳಿ: ಹಳೇ ಬಟ್ಟೆಗೆ ಇಷ್ಟೊಂದು ದುಡ್ಡೇ ಎಂದು ಕೇಳುವವರಿಂದ ಹೊಲಿದವರು ಬಟ್ಟೆಯ ಬೆಲೆ ಕೇಳುತ್ತಲೇ ಇಲ್ಲ, ಕೂತ ದಿನಗಳ ಕೂಲಿಯನ್ನಷ್ಟೇ ಕೇಳುತ್ತಿದ್ದಾರೆ. ನಿಮ್ಮ ಮನೆಯಲ್ಲೇ ಹತ್ತಿಯ ಸೀರೆಗಳ ಗಂಟಿದ್ದರೆ ಅದನ್ನೇ ಒಯ್ದು ಕೊಟ್ಟು ಹೊಲಿಸಿಕೊಳ್ಳಿ. ಸಿದ್ದಿ ಹೆಂಗಸರಾಗಲಿ ಬಯಲುಸೀಮೆಯವರಾಗಲಿ ಒಳ್ಳೆಯ ಹಣ್ಣಾದ ಬಟ್ಟೆ ಬಂದರೆ ಬೇಡವೆನ್ನುವುದಿಲ್ಲ.