ಅಳ್ನಾವರದ ಮಳೆಯೊಳಗೊಂದು ಮೊಬೈಲ್ ಸಾಲಿ

2020ರ ಜುಲೈ. ಪಂಚಮಿ ಹತ್ತಿರ ಬಂದಿದೆ. ಅಳ್ನಾವರದ ಮೇಲೆ ಮಳೆ ಜಡಿ ಹಿಡಿದಿದೆ. ಹುಬ್ಬಳ್ಳಿ–ಲೋಂಡಾ ಹಾದಿಯಿಂದ ದಾಂಡೇಲಿಯ ಹಳಿ ಕವಲೊಡೆಯುವ ಜಂಕ್ಷನ್ನಿನಲ್ಲಿ ಪ್ರಯಾಣಿಕರ ಗದ್ದಲವಿಲ್ಲ. ಕೂರಿಗೆಯಲ್ಲಿ ಬಿತ್ತಿದ ಭತ್ತ ಹೊಲದಲ್ಲಿ ಹಸಿರಾಗಿ ಎದ್ದಿದೆ. ಕೊರೊನಾದಿಂದಾಗಿ ಸಾಲಿಯ ಗಂಟೆ ಮಾತ್ರ ಮಾರ್ಚಿನಿಂದ ಬಾರಿಸಿಲ್ಲ.

ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿ ಟಿ.ವಿ. ಮುಂದೆ ನೋಟುಪುಸ್ತಕ ಬಿಚ್ಚಿ ಕೂತಿದ್ದಾಳೆ. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಯವರಿಗೆ ‘ಸೇತುಬಂಧ ಸಂವೇದ’ ಪಾಠ ಶುರುವಾಗಿದೆ. ತಿಳಿಯದ ಲೆಕ್ಕವನ್ನು ಆಮೇಲೆ ಫೋನಿನ ವಿಡಿಯೊದಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಾಳೆ. ಸಾಲಿಯಲ್ಲಿ ಎದ್ದು ನಿಂತು ಕೇಳಲು ನಾಚುತ್ತಿದ್ದವಳು ಈಗ ಸರ್‌ಗೆ ವಾಟ್ಸ್ಆ್ಯಪಿನಲ್ಲಿ ಸಂಶಯ ಬರೆದು ಕಳಿಸುತ್ತಾಳೆ. ಆನ್‌ಲೈನ್ ಪಾಠದ ದೊಡ್ಡ ಲಾಭ ಇದೇ: ಮಗು ತನ್ನ ವೇಗದಲ್ಲಿ ಕಲಿಯಬಹುದು.

ಪಕ್ಕದ ಓಣಿಯ ಚಿತ್ರವೇ ಬೇರೆ. ಮನೆಗೆ ಒಂದೇ ಫೋನು. ಅದು ಅಪ್ಪನ ಅಂಗಿಯ ಕಿಸೆಯಲ್ಲಿ ಕೆಲಸಕ್ಕೆ ಹೋಗಿದೆ. ಸಂಜೆ ಅದು ಮೊದಲು ಅಣ್ಣನ ಕೈಸೇರುತ್ತದೆ. ತಂಗಿಯ ಸರದಿ ಬರುವಷ್ಟರಲ್ಲಿ ಗಾಳಿಗೆ ಕರೆಂಟು ಹೋಗಿರುತ್ತದೆ. “ಯವ್ವಾ, ರೇಂಜ್ ಬರವಲ್ದು,” ಎಂದು ಕೂಗುತ್ತಾಳೆ. “ರಿಚಾರ್ಜೂ ಮುಗದೈತಿ, ನಾಳೆ ನೋಡೂಣ ಬಿಡ,” ಎಂಬ ಉತ್ತರ ಅಡುಗೆಮನೆಯಿಂದ ಬರುತ್ತದೆ.

ಗೌಳಿಗರ ಕಾಡಂಚಿನ ವಸತಿಗಳಾದ ಗೌಳಿದಡ್ಡಿಗಳಲ್ಲಿ ನಷ್ಟ ಇನ್ನೂ ಆಳದ್ದು. ಅಲ್ಲಿನ ಮಕ್ಕಳ ಮನೆಮಾತು ಕನ್ನಡವಲ್ಲ. ಅವರು ಕನ್ನಡ ಕಲಿಯುವುದು ಪಕ್ಕ ಕೂತ ಗೆಳೆಯರಿಂದ, ಆಟದ ಜಗಳದಿಂದ, ಬಿಸಿಯೂಟದ ಸಾಲಿನಿಂದ. ಸಾಲಿ ಮುಚ್ಚಿದ್ದರಿಂದ ಆ ಮಾತುಕತೆಯೂ ನಿಂತಿತು.

ಆಗಸ್ಟಿನಲ್ಲಿ ಶಿಕ್ಷಣ ಇಲಾಖೆಯ ‘ವಿದ್ಯಾಗಮ’ ಯೋಜನೆ ಬಂತು. ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನಿನವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಊರೊಳಗೆ ನಡೆದುಬಂದರು. ಗುಡಿಯ ಕಟ್ಟೆ, ಮರದ ನೆರಳು ವಠಾರ ಶಾಲೆಗಳಾದವು. ಮಾಸ್ಕಿನ ಹಿಂದಿನ ದನಿಯಾದರೂ ಸರಿ, ತಮ್ಮ ಹೆಸರು ಹಿಡಿದು ಕರೆಯುವ ಅಕ್ಕೋರನ್ನು ಕಂಡು ಮಕ್ಕಳು ಪಾಟಿಚೀಲ ಹಿಡಿದು ಓಡಿಬಂದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. 1ರಿಂದ 5ನೇ ತರಗತಿಯ ಮಕ್ಕಳಿಗೆ ಸಾಲಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು, ಬೆಂಚಿನ ಮೇಲೆ ಕೂರುವ ಹೊತ್ತಿಗೆ ಎರಡನೆಯ ತರಗತಿಯಲ್ಲಿತ್ತು.

ಫೋನು ಪಾಠವನ್ನು ಮನೆಗೆ ತಲುಪಿಸಬಲ್ಲದು. ತಪ್ಪು ಅಕ್ಷರದ ಮೇಲೆ ಮಗುವಿನ ಕೈಹಿಡಿದು ತಿದ್ದಿಸಲಾರದು. ಆದ್ದರಿಂದ ಅದು ಸಾಲಿಗೆ ನೆರವಾಗಿರಲಿ, ಬದಲಿಯಾಗದಿರಲಿ. ಮುಂದೆ ಮಳೆಗೋ ರೋಗಕ್ಕೋ ಬಾಗಿಲು ಮುಚ್ಚಬೇಕಾಗಿ ಬಂದರೆ, ಲಿಂಕ್ ಕಳಿಸುವ ಮುಂಚೆ ಶಾಲಾ ಸಮಿತಿ, ಪಂಚಾಯಿತಿ ಮತ್ತು ಹೆತ್ತವರು ಕೂಡಿ ಒಂದು ಯಾದಿ ಮಾಡಲಿ: ಫೋನಿಲ್ಲದ ಮಕ್ಕಳು ಯಾರು, ಅವರ ಮನೆಗೆ ಹೋಗುವವರು ಯಾರು?