ಕುಡಿತ: ಆಣೆ ಹಾಕಿದ ಮಾತ್ರಕ್ಕೆ ಬಿಡುವ ಚಟವಲ್ಲ

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕುಡಿತದಿಂದ ಸೊರಗಿದ ಒಂದಾದರೂ ಮನೆಯನ್ನು ಕಾಣದವರು ಕಡಿಮೆ. ಚಿಕಿತ್ಸೆಗೆ ಹೋದವರನ್ನು ಕಂಡವರು ಇನ್ನೂ ಕಡಿಮೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ದುಡ್ಡು, ದೂರಗಳ ಜೊತೆಗೆ ನಾವು ನಂಬಿಕೊಂಡು ಬಂದ ಮಾತುಗಳೂ ಇದಕ್ಕೆ ಕಾರಣ.

ಕಲ್ಪನೆ: ಮಲೆನಾಡಿನ ಮಳೆಗೆ ಸ್ವಲ್ಪ ಹಾಕಿಕೊಂಡರೆ ಮೈ ಬೆಚ್ಚಗಿರುತ್ತದೆ.
ಸತ್ಯ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಮೈಮೇಲಕ್ಕೆ ಬಂದು ಬೆಚ್ಚಗಾದಂತೆ ಅನಿಸುತ್ತದೆಯೇ ಹೊರತು, ಒಳಗಿನ ಶಾಖ ಸೋರಿಹೋಗುತ್ತಿರುತ್ತದೆ. ಜಾರುವ ಅಡಿಕೆ ಮರ ಹತ್ತಿ ಕೊಳೆರೋಗದ ಔಷಧಿ ಹೊಡೆಯುವವರಿಗೆ ಆಯ ತಪ್ಪುವ ಅಪಾಯ ಬೇರೆ.

ಕಲ್ಪನೆ: ಮನಸ್ಸು ಗಟ್ಟಿ ಮಾಡಿ ದೇವರ ಮೇಲೆ ಆಣೆ ಹಾಕಿದರೆ ಸಾಕು.
ಸತ್ಯ: ಆಣೆಯ ಹಿಂದಿನ ಆಸೆ ನಿಜವಾದದ್ದೇ. ಆದರೆ ವರ್ಷಗಟ್ಟಲೆ ಕುಡಿದಾಗ ಮೆದುಳಿನಲ್ಲಿ ಸುಖ, ಒತ್ತಡ, ಹಿಡಿತಗಳನ್ನು ನೋಡಿಕೊಳ್ಳುವ ಭಾಗಗಳೇ ಬದಲಾಗಿರುತ್ತವೆ. ಇದು ಕಾಯಿಲೆ. ಆಣೆ ಮುರಿದವನು ಪಾಪಪ್ರಜ್ಞೆಯಿಂದ ಬಚ್ಚಿಟ್ಟು ಕುಡಿಯತೊಡಗುತ್ತಾನೆ, ವೈದ್ಯರಿಂದ ಇನ್ನಷ್ಟು ದೂರವಾಗುತ್ತಾನೆ.

ಕಲ್ಪನೆ: ನಾಲ್ಕು ದಿನ ಮನೆಯಲ್ಲಿ ಕೂಡಿಹಾಕಿದರೆ ಸರಿಹೋಗುತ್ತಾನೆ.
ಸತ್ಯ: ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ಇಲ್ಲದ್ದು ಕಂಡು, ಕೇಳಿ ಬಡಬಡಿಸಬಹುದು. ಅದನ್ನು ಗಾಳಿ ಹಿಡಿದಿದೆ ಎಂದುಕೊಂಡು ಕಾಲ ಕಳೆದರೆ ಜೀವಕ್ಕೇ ಕುತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಿಯಾದ ಮಾತ್ರೆ ಮತ್ತು ಬಿ1 ಜೀವಸತ್ವದಿಂದ ಈ ಹಂತವನ್ನು ಸುರಕ್ಷಿತವಾಗಿ ದಾಟಬಹುದು.

ಕಲ್ಪನೆ: ಗೊತ್ತಾಗದಂತೆ ಊಟದಲ್ಲಿ ಔಷಧ ಬೆರೆಸಿದರೆ ಕುಡಿತ ಬಿಡುತ್ತಾನೆ.
ಸತ್ಯ: ಹೀಗೆ ಬೆರೆಸುವ ಡೈಸಲ್ಫಿರಾಮ್ ಎಂಬ ಔಷಧ ತಿಂದವರು ಅರಿಯದೆ ಕುಡಿದರೆ ವಾಂತಿಯಾಗಿ, ಎದೆಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು, ಸಾವೂ ಸಂಭವಿಸಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕಾದ ಔಷಧ ಅದು. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಕೂಡ ಇವೆ. ಯಾರಿಗೆ ಯಾವುದು ಎಂಬುದು ತಪಾಸಣೆಯ ನಂತರದ ತೀರ್ಮಾನ.

ಕಲ್ಪನೆ: ಶಿಬಿರಕ್ಕೆ ಹೋಗಿ ಬಂದೂ ಕುಡಿದ. ಇನ್ನು ಅವನ ಆಸೆ ಬಿಟ್ಟಂತೆ.
ಸತ್ಯ: ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ 8 ದಿನಗಳದ್ದು. ಆಮೇಲೆ ಬೆನ್ನಿಗೆ ನಿಲ್ಲಲೆಂದೇ ನವಜೀವನ ಸಮಿತಿಗಳಿವೆ. ಶಿಬಿರ ಆರಂಭ ಮಾತ್ರ ಎಂಬುದಕ್ಕೆ ಇದೇ ಸಾಕ್ಷಿ. ಫಲ ಕಾಣಲು ಕನಿಷ್ಠ ಮೂರು ತಿಂಗಳ ಚಿಕಿತ್ಸೆ ಬೇಕೆಂದು ತಜ್ಞರು ಹೇಳುತ್ತಾರೆ: ಔಷಧ, ಆಪ್ತಸಲಹೆ, ಮನೆಯವರ ಜೊತೆ ಮಾತುಕತೆ, ಖಿನ್ನತೆಯಿದ್ದರೆ ಅದಕ್ಕೂ ಮದ್ದು. ವ್ಯಸನದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಒಮ್ಮೆಯಾದರೂ ಮರಳಿ ಜಾರುತ್ತಾರೆ. ಬಿ.ಪಿ. ಮತ್ತೆ ಏರಿದರೆ ಮಾತ್ರೆ ಬದಲಿಸುತ್ತೇವೆ, ರೋಗಿಯ ಕೈಬಿಡುವುದಿಲ್ಲ. ಇಲ್ಲಿಯೂ ಹಾಗೆಯೇ.

ಕಲ್ಪನೆ: ಗಾಂಜಾ ಸೇದುವ ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆ.
ಸತ್ಯ: ಚಿಕಿತ್ಸೆಗೆ ಬಂದವರ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಂ ಕೂಡ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಯ ಪರವಾಗಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣವಾದರೆ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವವರಿಗೆ ಮೊಕದ್ದಮೆಯಿಂದ ರಕ್ಷಣೆ ಉಂಟು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಮೊದಲು ಹೋಗಬೇಕಾದದ್ದು ನಿಮ್ಮ ತಾಲ್ಲೂಕು ಆಸ್ಪತ್ರೆಗೆ. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಅಲ್ಲೇ ಕೇಳಿ. ಟೆಲಿಮನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮನೆಯವರೂ ಕರೆ ಮಾಡಬಹುದು. ಊರಿನವರ ಪಾಲಿನ ಕೆಲಸವೂ ಒಂದಿದೆ: ಕುಡಿತ ಬಿಟ್ಟವರನ್ನು ಮದುವೆ, ಹಬ್ಬಗಳಲ್ಲಿ "ಇವತ್ತೊಂದಿನ ತಗೋ ಮಾರಾಯ" ಎಂದು ಒತ್ತಾಯಿಸದಿರುವುದು. ಅದೂ ಚಿಕಿತ್ಸೆಯ ಭಾಗವೇ.